‘ಮಾಡ್ತಿದ್ದೆ’ ಅಂದರೆ ಎಲ್ಲ ಸಲವೂ ‘ವಾಸ್ ಡೂಯಿಂಗ್’ ಅಲ್ಲ: ಕಂಟಿನ್ಯುಯಸ್ ಟೆನ್ಸ್ ದೋಷ ನಿವಾರಣೆ ಕೈಪಿಡಿ

ಸಂದರ್ಶನದ ತಾಲೀಮು ನಡೆದಿತ್ತು. ಎದುರಿಗೆ ಕೂತಿದ್ದ ಹುಡುಗಿಗೆ, ನಿನ್ನ ಶಾಲೆಯ ದಿನಗಳ ಬಗ್ಗೆ ಇಂಗ್ಲಿಷಿನಲ್ಲಿ ಹೇಳು ಅಂದೆ. ‘ವೆನ್ ಐ ವಾಸ್ ಇನ್ ಹೈಸ್ಕೂಲ್, ಐ ವಾಸ್ ವಾಕಿಂಗ್ ಫೋರ್ ಕಿಲೋಮೀಟರ್ಸ್ ಟು ಸ್ಕೂಲ್’ ಅಂದು ಸುಮ್ಮನಾದಳು. ನಾನು ಕಾದೆ. ಅವಳು ನನ್ನ ಮುಖ ನೋಡಿದಳು.

‘ಆಮೇಲೆ?’

‘ಆಮೇಲೇನಿಲ್ಲ ಮೇಡಂ, ಅಷ್ಟೇ. ದಿನಾ ನಡ್ಕೊಂಡೇ ಹೋಗ್ತಿದ್ದೆ.’

ಅವಳ ಮಟ್ಟಿಗೆ ವಾಕ್ಯ ಮುಗಿದಿತ್ತು. ಇಂಗ್ಲಿಷ್ ಕಿವಿಗೆ ಅದು ಅರ್ಧಕ್ಕೇ ನಿಂತಿತ್ತು. ‘ಐ ವಾಸ್ ವಾಕಿಂಗ್’ ಅಂದ ಕೂಡಲೇ ಕೇಳುವವರು ದಾರಿಯಲ್ಲಿ ಏನಾಯಿತು ಎಂದು ಕಾಯುತ್ತಾರೆ. ಮಳೆ ಬಂತೋ, ನಾಯಿ ಅಟ್ಟಿಸಿಕೊಂಡು ಬಂತೋ, ಯಾರಾದರೂ ಸಿಕ್ಕರೋ. ಮೂರು ವರ್ಷ ದಿನಕ್ಕೆ ನಾಲ್ಕು ಕಿಲೋಮೀಟರ್ ನಡೆದು ಓದಿದ ಹುಡುಗಿಯ ಕಷ್ಟ ಆ ವಾಕ್ಯದಲ್ಲಿ ಒಂದು ದಿನದ ನಡಿಗೆಯಾಗಿಬಿಟ್ಟಿತ್ತು.

ಸಂಜೆ ಹೊತ್ತು ಇಂಗ್ಲಿಷ್ ಮಾತಾಡಲು ಕಲಿಸುವ ಕೆಲಸ ನನ್ನದು. ಬರುವವರಲ್ಲಿ ಹೆಚ್ಚಿನವರು ಕನ್ನಡ ಮಾಧ್ಯಮದವರು. ಅವರ ತಪ್ಪುಗಳನ್ನು ಬರೆದಿಡುತ್ತಾ ಹೋದಂತೆ ನನಗೆ ಖಚಿತವಾದದ್ದು ಇಷ್ಟು: ಈ ದೋಷಗಳ ಬೇರು ಇಂಗ್ಲಿಷ್ ವಾಕ್ಯದಲ್ಲಿ ಇರುವುದು ಕಡಿಮೆ. ಅದಕ್ಕೂ ಒಂದು ಕ್ಷಣ ಮುಂಚೆ ಮನಸ್ಸಿನಲ್ಲಿ ಮೂಡಿದ ಕನ್ನಡ ವಾಕ್ಯದಲ್ಲಿ ಅದು ಇರುತ್ತದೆ. ಹಾಗಾಗಿ ಈ ಕೈಪಿಡಿಯಲ್ಲಿ ಪ್ರತಿ ದೋಷವನ್ನೂ ಕನ್ನಡದ ಕಡೆಯಿಂದಲೇ ಹುಡುಕಿದ್ದೇನೆ. ನಿಮ್ಮ ಇಂಗ್ಲಿಷ್ ವಾಕ್ಯ ಎಡವಿದರೆ, ಅದನ್ನು ಕನ್ನಡದಲ್ಲಿ ನೀವು ಮನೆಯಲ್ಲಿ ಹೇಗೆ ಹೇಳುತ್ತೀರೋ ಹಾಗೆ ಒಮ್ಮೆ ಜೋರಾಗಿ ಹೇಳಿ. ಪುಸ್ತಕದ ಕನ್ನಡ ಬೇಡ, ಬಾಯಿಮಾತೇ ಬೇಕು.

ಮೊದಲು ಎರಡೂ ಭಾಗ ಇವೆಯೇ ನೋಡಿ

ಇಂಗ್ಲಿಷಿನ ಕಂಟಿನ್ಯುಯಸ್ ಎರಡು ತುಂಡುಗಳ ಜೋಡಣೆ. ಒಂದು ‘ಆಮ್, ಈಸ್, ಆರ್’ ಅಥವಾ ‘ವಾಸ್, ವರ್’. ಇನ್ನೊಂದು ‘ಇಂಗ್’ ಹಚ್ಚಿದ ಕ್ರಿಯಾಪದ. ಕಾಲವನ್ನು ಹೇಳುವುದು ಮೊದಲ ತುಂಡು, ಕೆಲಸ ನಡೆಯುತ್ತಿದೆ ಎಂದು ಹೇಳುವುದು ಎರಡನೆಯದು. ನಮ್ಮ ‘ಮಾಡ್ತಾ ಇದೀನಿ’ಯಲ್ಲೂ ಹೀಗೇ ‘ಮಾಡ್ತಾ’ ಒಂದು, ‘ಇದೀನಿ’ ಒಂದು. ವೇಗವಾಗಿ ಮಾತಾಡುವಾಗ ಎರಡೂ ಬೆಸೆದು ‘ಮಾಡ್ತಿದೀನಿ’ ಆಗುವುದರಿಂದ ಒಳಗಿನ ‘ಇರು’ ನಮ್ಮ ಗಮನಕ್ಕೆ ಬರುವುದಿಲ್ಲ, ಇಂಗ್ಲಿಷಿಗೆ ಬಂದಾಗಲೂ ಬಿಟ್ಟುಹೋಗುತ್ತದೆ. ‘ಐ ಗೋಯಿಂಗ್’ ಹುಟ್ಟುವುದು ಹೀಗೆ. ‘ಇಂಗ್’ ಬಿಟ್ಟರೆ ‘ಐ ಆಮ್ ಗೋ’. ಇಲ್ಲ ಎನ್ನುವಾಗ ‘ಐ ಡೋಂಟ್ ಗೋಯಿಂಗ್’ ಅನ್ನುವವರಿದ್ದಾರೆ. ‘ಇಂಗ್’ ಇದ್ದರೆ ಅದರ ಜೊತೆ ‘ಡು, ಡಸ್, ಡಿಡ್’ ಬರುವುದೇ ಇಲ್ಲ. ‘ಆಮ್ ನಾಟ್ ಗೋಯಿಂಗ್’, ‘ವಾಸ್ ನಾಟ್ ಗೋಯಿಂಗ್’ ಅಷ್ಟೇ.

ಈ ಹಂತದಲ್ಲಿ ಕನ್ನಡದಿಂದ ನೇರವಾಗಿ ಬರುವ ಒಂದು ತಪ್ಪಿದೆ. ‘ಮೈ ಫಾದರ್ ಆರ್ ಕಮಿಂಗ್.’ ಕಾರಣ ಸ್ಪಷ್ಟ: ‘ಅಪ್ಪ ಬರ್ತಾ ಇದಾರೆ’ ಅನ್ನುತ್ತೇವೆ, ‘ಬರ್ತಾ ಇದಾನೆ’ ಅನ್ನುವುದಿಲ್ಲ. ಆ ಬಹುವಚನ ಇಂಗ್ಲಿಷಿಗೂ ನುಗ್ಗುತ್ತದೆ. ನನ್ನ ತರಗತಿಯ ಒಬ್ಬರು, ಐವತ್ತರ ಆಸುಪಾಸಿನ ದರ್ಜಿ, ‘ಅಪ್ಪನ್ನ ಹಿ ಅನ್ನೋಕೆ ಬಾಯೇ ಬರಲ್ಲ ಮೇಡಂ’ ಅಂದಿದ್ದರು. ಆ ಸಂಕೋಚ ನನಗೆ ಅರ್ಥವಾಗುತ್ತದೆ. ಆದರೆ ‘ಹಿ’ ಎಂದರೆ ‘ಅವನು’ ಮಾತ್ರವಲ್ಲ, ‘ಅವರು’ ಕೂಡ. ಗೌರವವನ್ನು ಇಂಗ್ಲಿಷ್ ಕ್ರಿಯಾಪದದಲ್ಲಿ ಇಡುವುದಿಲ್ಲ. ಮಾತಿನ ಧಾಟಿಯಲ್ಲಿ, ‘ಸರ್, ಪ್ಲೀಸ್’ಗಳಲ್ಲಿ ಇಡುತ್ತದೆ. ಒಬ್ಬರಿದ್ದರೆ ‘ಈಸ್’, ಎಷ್ಟೇ ದೊಡ್ಡವರಾಗಿರಲಿ. ‘ಯು’ ಜೊತೆ ಮಾತ್ರ ಒಬ್ಬರಿದ್ದರೂ ‘ಆರ್’, ‘ವರ್’.

ಪ್ರಶ್ನೆಯ ವಿಷಯ ಇಲ್ಲೇ ಮುಗಿಸುತ್ತೇನೆ. ಕನ್ನಡದಲ್ಲಿ ಪ್ರಶ್ನೆ ಕೇಳಲು ಪದಗಳ ಜಾಗ ಬದಲಿಸಬೇಕಿಲ್ಲ, ಅದಕ್ಕೇ ‘ವಾಟ್ ಯು ಆರ್ ಡೂಯಿಂಗ್?’ ಬರುತ್ತದೆ. ‘ಆರ್’ ಮುಂದಕ್ಕೆ ಹಾರಬೇಕು: ‘ವಾಟ್ ಆರ್ ಯು ಡೂಯಿಂಗ್?’ ಅದೇ ಪ್ರಶ್ನೆ ಇನ್ನೊಂದು ವಾಕ್ಯದ ಹೊಟ್ಟೆಯೊಳಗೆ ಹೋದರೆ ‘ಆರ್’ ತನ್ನ ಜಾಗಕ್ಕೆ ವಾಪಸ್ಸು: ‘ಐ ನೋ ವಾಟ್ ಯು ಆರ್ ಡೂಯಿಂಗ್.’

ದೊಡ್ಡ ದೋಷ: ಒಂದು ‘ತ್ತಿದ್ದೆ’ಗೆ ಎರಡು ಕೆಲಸ

ಈಗ ಆ ಹುಡುಗಿಯ ವಾಕ್ಯಕ್ಕೆ ಬರೋಣ. ನಾನು ನೋಡುವ ತಪ್ಪುಗಳಲ್ಲಿ ಇದಕ್ಕೇ ಹೆಚ್ಚು ಸಮಯ ಕೊಡುತ್ತೇನೆ. ಏಕೆಂದರೆ ಇಲ್ಲಿ ವ್ಯಾಕರಣ ಸರಿ ಇರುತ್ತದೆ, ಅರ್ಥ ಮಾತ್ರ ಬೇರೆಯಾಗಿರುತ್ತದೆ. ತಿದ್ದುವವರ ಕಣ್ಣಿಗೂ ಬೀಳುವುದಿಲ್ಲ.

ಈ ಎರಡು ಕನ್ನಡ ವಾಕ್ಯ ನೋಡಿ. ‘ನಾನು ಸ್ಕೂಲಿಗೆ ನಡ್ಕೊಂಡು ಹೋಗ್ತಿದ್ದೆ, ಅಷ್ಟರಲ್ಲಿ ಮಳೆ ಬಂತು.’ ‘ಆಗೆಲ್ಲ ನಾನು ಸ್ಕೂಲಿಗೆ ನಡ್ಕೊಂಡು ಹೋಗ್ತಿದ್ದೆ.’ ಕ್ರಿಯಾಪದ ಒಂದೇ. ಮೊದಲನೆಯದರಲ್ಲಿ ಅದು ಒಂದು ಗಳಿಗೆಯ ನಡುವೆ ನಿಂತಿದೆ. ಎರಡನೆಯದರಲ್ಲಿ ವರ್ಷಗಳ ರೂಢಿಯನ್ನು ಹೇಳುತ್ತಿದೆ. ಕನ್ನಡಕ್ಕೆ ಇದರಿಂದ ತೊಂದರೆಯಿಲ್ಲ, ಅಕ್ಕಪಕ್ಕದ ಮಾತು ಅರ್ಥವನ್ನು ಬಿಡಿಸಿಕೊಡುತ್ತದೆ. ಇಂಗ್ಲಿಷ್ ಈ ಎರಡನ್ನೂ ಬೇರೆ ಬೇರೆ ಕಡೆ ಇಡುತ್ತದೆ. ನಡುವಿನ ಗಳಿಗೆಗೆ ‘ಐ ವಾಸ್ ವಾಕಿಂಗ್’, ರೂಢಿಗೆ ‘ಐ ಯೂಸ್ಡ್ ಟು ವಾಕ್’.

ಡೆನ್ಮಾರ್ಕಿನ ಭಾಷಾಶಾಸ್ತ್ರಜ್ಞ ಒಟ್ಟೊ ಯೆಸ್ಪರ್ಸನ್ ಇಂಗ್ಲಿಷಿನ ಈ ರೂಪವನ್ನು ಚೌಕಟ್ಟಿಗೆ ಹೋಲಿಸಿದ್ದ. ‘ವಾಸ್ ವಾಕಿಂಗ್’ ಎಂಬುದು ಚೌಕಟ್ಟು, ಅದರೊಳಗೆ ಕೂರಬೇಕಾದ ಚಿತ್ರ ‘ಮಳೆ ಬಂತು’. ಈ ಹೋಲಿಕೆಯನ್ನು ನಾನು ತರಗತಿಯಲ್ಲಿ ಬಹಳ ಬಳಸುತ್ತೇನೆ. ಚೌಕಟ್ಟನ್ನಷ್ಟೇ ಗೋಡೆಗೆ ನೇತುಹಾಕಿದರೆ ನೋಡುವವರು ಚಿತ್ರ ಎಲ್ಲಿ ಎಂದು ಹುಡುಕುತ್ತಾರೆ. ಆ ದಿನ ನಾನು ಹುಡುಗಿಯ ಮುಂದೆ ಕಾಯುತ್ತಾ ಕೂತದ್ದು ಅದೇ ಚಿತ್ರಕ್ಕೆ.

ಪರೀಕ್ಷೆ ಸುಲಭ. ನಿಮ್ಮ ಕನ್ನಡ ವಾಕ್ಯದ ಕೊನೆಗೆ ‘ಅಷ್ಟರಲ್ಲಿ…’ ಎಂದು ಸೇರಿಸಿ ಮುಂದುವರಿಸಲು ನೋಡಿ. ಮಾತು ಮುಂದೆ ಹರಿದರೆ ‘ವಾಸ್’ ಮತ್ತು ‘ಇಂಗ್’ ಸರಿ. ‘ಅಷ್ಟರಲ್ಲಿ’ ಬದಲು ಮೊದಲಿಗೆ ‘ಆಗೆಲ್ಲ’, ‘ದಿನಾ’, ‘ಚಿಕ್ಕವನಿದ್ದಾಗ’ ಎಂಬುದೇ ಸಲೀಸಾಗಿ ಕೂತರೆ ‘ಯೂಸ್ಡ್ ಟು’.

ಧಾರವಾಡ, ಗದಗ, ಹಾವೇರಿ ಕಡೆಯವರಿಗೆ ಇದಕ್ಕಿಂತ ಚೊಕ್ಕ ಪರೀಕ್ಷೆಯಿದೆ. ನಾನೂ ಆ ಕಡೆಯವಳೇ. ನಮ್ಮಲ್ಲಿ ‘ಅಡಗಿ ಮಾಡಾಕತ್ತಿದ್ದೆ, ಕರೆಂಟ್ ಹೋತು’ ಅನ್ನುತ್ತಾರೆ. ‘ಮದಲೆಲ್ಲ ಒಲೀ ಮ್ಯಾಲೇ ಅಡಗಿ ಮಾಡ್ತಿದ್ದೆ’ ಅನ್ನುತ್ತಾರೆ. ರೂಢಿಗೆ ‘ಮಾಡ್ತಿದ್ದೆ’, ನಡುಗಳಿಗೆಗೆ ‘ಮಾಡಾಕತ್ತಿದ್ದೆ’. ಒಲೆಯ ವಾಕ್ಯದಲ್ಲಿ ‘ಮದಲೆಲ್ಲ’ ಜೊತೆಗೆ ‘ಮಾಡಾಕತ್ತಿದ್ದೆ’ ಹಾಕಿ ನೋಡಿ, ನಮ್ಮ ಕಿವಿಗೆ ಅದು ಹೊಂದುವುದಿಲ್ಲ. ‘ಮಾಡಲಿಕ್ಕೆ ಹತ್ತು’ ಎಂಬುದರಿಂದ ಬಂದ ಈ ರೂಪ ಇಂಗ್ಲಿಷಿನ ‘ವಾಸ್ ಡೂಯಿಂಗ್’ಗೆ ಸರಿಸುಮಾರು ಅಳತೆ ಹಿಡಿದು ಹೊಲಿದಂತಿದೆ. ‘ಮಾಡಾಕತ್ತೀನಿ’ ಎಂಬುದು ‘ಆಮ್ ಡೂಯಿಂಗ್’ಗೆ. ಹೋಗುವ ಮಾತಿಗೆ ನಮ್ಮಲ್ಲಿ ‘ಹೊಂಟಿದ್ದೆ’ ಇದೆ: ‘ಸಾಲಿಗೆ ಹೊಂಟಿದ್ದೆ, ಹಾದ್ಯಾಗ ಮಳಿ ಬಂತು.’ ಬೆಂಗಳೂರಿಗೆ ಬಂದ ಮೇಲೆ ನಮ್ಮ ಕಡೆಯ ಹುಡುಗರು ಈ ಮಾತುಗಳನ್ನು ಹಳ್ಳಿಯದ್ದೆಂದು ಮುಚ್ಚಿಟ್ಟುಕೊಳ್ಳುತ್ತಾರೆ. ನನಗೆ ಅದು ನೋವಿನ ವಿಷಯ. ಇಂಗ್ಲಿಷ್ ಕಲಿಯಲು ನಿಮ್ಮ ಕೈಯಲ್ಲಿರುವ ಅತ್ಯಂತ ಚೂಪಾದ ಸಲಕರಣೆ ಅದು. ಧಾರವಾಡ ಕಡೆಯ ವಿದ್ಯಾರ್ಥಿ ಸಿಕ್ಕಿದರೆ ನಾನು ಕೇಳುವುದು ಒಂದೇ ಪ್ರಶ್ನೆ: ಇದನ್ನು ಮನೆಯಲ್ಲಿ ‘ಮಾಡಾಕತ್ತಿದ್ದೆ’ ಅಂತೀಯೋ, ‘ಮಾಡ್ತಿದ್ದೆ’ ಅಂತೀಯೋ? ಉತ್ತರ ಬಂದ ಕೂಡಲೇ ಇಂಗ್ಲಿಷ್ ರೂಪವೂ ಸಿಕ್ಕಿರುತ್ತದೆ.

ತಿದ್ದುವಾಗ ಒಂದು ಎಚ್ಚರಿಕೆ. ‘ಯೂಸ್ಡ್ ಟು’ ಸಿಕ್ಕಿತೆಂದು ಎಲ್ಲೆಡೆ ಹಾಕಬೇಡಿ. ‘ಮೂರು ವರ್ಷ’ ಎಂದು ಅವಧಿಯನ್ನು ಎಣಿಸಿ ಹೇಳಿದರೆ ಸಾದಾ ಭೂತಕಾಲವೇ ಸಾಕು: ‘ಐ ವಾಕ್ಡ್ ಟು ಸ್ಕೂಲ್ ಫಾರ್ ತ್ರೀ ಇಯರ್ಸ್.’ ರೂಢಿ ಈಗಲೂ ಮುಂದುವರಿದಿದ್ದರೆ ‘ಯೂಸ್ಡ್ ಟು’ ತಪ್ಪು ಸೂಚನೆ ಕೊಡುತ್ತದೆ, ಏಕೆಂದರೆ ಅದನ್ನು ಕೇಳಿದವರು ಈಗ ಆ ರೂಢಿ ಇಲ್ಲ ಎಂದುಕೊಳ್ಳುತ್ತಾರೆ.

ಇದು ಬರೀ ಚೆಂದದ ಪ್ರಶ್ನೆಯಲ್ಲ. ನರ್ಸಿಂಗ್ ಮುಗಿಸಿ ವಿದೇಶಕ್ಕೆ ಹೊರಟ ವಿದ್ಯಾರ್ಥಿಗಳಿಗೆ ನಾನು ಕೊಡುವ ಅಭ್ಯಾಸ ಹೀಗಿದೆ: ರೋಗಿಯ ಮಗ ‘ಅಮ್ಮ ಬಿಪಿ ಮಾತ್ರೆ ತಗೋತಿದ್ರು’ ಅನ್ನುತ್ತಾನೆ, ಅದನ್ನು ಇಂಗ್ಲಿಷಿನಲ್ಲಿ ಬರೆಯಿರಿ. ‘ಶಿ ವಾಸ್ ಟೇಕಿಂಗ್’ ಎಂದು ಬರೆದರೆ, ಈ ಕಾಯಿಲೆ ಶುರುವಾದ ಹೊತ್ತಿಗೆ ಮಾತ್ರೆ ನಡೆಯುತ್ತಿತ್ತು ಎಂದು ಓದಿಕೊಳ್ಳುವ ಸಾಧ್ಯತೆ ಹೆಚ್ಚು. ‘ಶಿ ಯೂಸ್ಡ್ ಟು ಟೇಕ್’ ಎಂದರೆ ಹಿಂದೆ ತೆಗೆದುಕೊಳ್ಳುತ್ತಿದ್ದರು, ಈಗ ನಿಂತಿದೆ. ಮಗ ಹೇಳಿದ ಕನ್ನಡದಲ್ಲಿ ಎರಡೂ ಅರ್ಥ ಇವೆ. ಹಾಗಾದರೆ ಬರೆಯುವ ಮುಂಚೆ ‘ಈಗಲೂ ತಗೋತಾರಾ, ನಿಲ್ಲಿಸಿದ್ದಾರಾ?’ ಎಂದು ಕೇಳಲೇಬೇಕು.

‘ದಿಂದ’ ಕಂಡರೆ ನಿಲ್ಲಿ

‘ಎರಡು ವರ್ಷದಿಂದ ಇಲ್ಲೇ ಕೆಲಸ ಮಾಡ್ತಾ ಇದೀನಿ.’ ಇದು ಇಂಗ್ಲಿಷಿನಲ್ಲಿ ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಟು ಇಯರ್ಸ್’ ಆಗುತ್ತದೆ. ಇಲ್ಲಿ ಎರಡು ದೋಷ ಒಟ್ಟಿಗೆ ಕೂತಿವೆ.

‘ಆಮ್ ವರ್ಕಿಂಗ್’ಗೆ ಬೆನ್ನ ಹಿಂದಿನ ಎರಡು ವರ್ಷ ಕಾಣುವುದಿಲ್ಲ, ಅದರ ನೋಟ ಈಗಿನ ಸುತ್ತಮುತ್ತಲಷ್ಟೇ. ಹಿಂದಿನಿಂದ ಇಲ್ಲಿಯವರೆಗೆ ಎಳೆದು ತರುವ ಮಾತಿಗೆ ‘ಹ್ಯಾವ್ ಬೀನ್ ವರ್ಕಿಂಗ್’ ಬೇಕು. ನಿಮ್ಮ ಕನ್ನಡ ವಾಕ್ಯದಲ್ಲಿ ಯಾವಾಗಿನಿಂದ ಎಂದು ಹೇಳುವ ‘ದಿಂದ’ ಇದ್ದು, ಕೊನೆಯಲ್ಲಿ ‘ತಾ ಇದೀನಿ’ ಬಂದರೆ ಕಣ್ಣು ಮುಚ್ಚಿ ‘ಹ್ಯಾವ್ ಬೀನ್’ ಹಾಕಬಹುದು. ‘ಬೆಳಿಗ್ಗೆಯಿಂದ ಫೋನ್ ಮಾಡ್ತಾ ಇದೀನಿ’ ಎಂಬುದೂ ‘ಐ ಹ್ಯಾವ್ ಬೀನ್ ಕಾಲಿಂಗ್ ಯು’. ‘ದಿಂದ’ ಇದ್ದು ಕೊನೆಗೆ ‘ತಿದ್ದೆ’ ಬಂದರೆ ‘ಹ್ಯಾಡ್ ಬೀನ್’.

ಎರಡನೆಯದು ‘ಸಿನ್ಸ್’. ಕನ್ನಡದ ‘ದಿಂದ’ ಸೋಮವಾರಕ್ಕೂ ಹತ್ತುತ್ತದೆ, ಮೂರು ದಿನಕ್ಕೂ ಹತ್ತುತ್ತದೆ: ‘ಸೋಮವಾರದಿಂದ’, ‘ಮೂರು ದಿನದಿಂದ’. ಇಂಗ್ಲಿಷಿಗೆ ಹಸು ಕಟ್ಟಿದ ಗೂಟ ಬೇರೆ, ಹಗ್ಗದ ಉದ್ದ ಬೇರೆ. ಸೋಮವಾರ ಗೂಟ, ಅದಕ್ಕೆ ‘ಸಿನ್ಸ್ ಮಂಡೇ’. ಮೂರು ದಿನ ಹಗ್ಗದ ಉದ್ದ, ಅದಕ್ಕೆ ‘ಫಾರ್ ತ್ರೀ ಡೇಸ್’.

‘ನಾನು’ ಹೇಳಿದ್ದೋ, ‘ನನಗೆ’ ಹೇಳಿದ್ದೋ

‘ಐ ಆಮ್ ನಾಟ್ ಅಂಡರ್‌ಸ್ಟ್ಯಾಂಡಿಂಗ್’, ‘ಐ ಆಮ್ ನಾಟ್ ಹಿಯರಿಂಗ್ ಯು’, ‘ಐ ಆಮ್ ಹ್ಯಾವಿಂಗ್ ಟು ಬ್ರದರ್ಸ್’, ‘ಐ ಆಮ್ ವಾಂಟಿಂಗ್ ಲೀವ್’. ಇವಕ್ಕೆ ಪುಸ್ತಕಗಳು ಸ್ಥಿತಿಸೂಚಕ ಕ್ರಿಯಾಪದಗಳ ಉದ್ದ ಪಟ್ಟಿಯೊಂದನ್ನು ಕೊಟ್ಟು ಬಾಯಿಪಾಠ ಮಾಡಿ ಅನ್ನುತ್ತವೆ. ನಾನೂ ಬಹಳ ದಿನ ಹಾಗೇ ಮಾಡಿಸಿದೆ. ಆಮೇಲೆ ಗಮನಿಸಿದ್ದು, ಆ ಪಟ್ಟಿಯ ಬಹುಭಾಗವನ್ನು ಕನ್ನಡ ತಾನೇ ವಿಂಗಡಿಸಿ ಇಟ್ಟಿದೆ.

ನಾವು ಮಾಡುವ ಕೆಲಸಕ್ಕೆ ಕನ್ನಡ ‘ನಾನು’ ಅನ್ನುತ್ತದೆ. ನಮಗೆ ತಾನಾಗಿ ಒದಗುವ ಅನುಭವಕ್ಕೆ ‘ನನಗೆ’ ಅನ್ನುತ್ತದೆ. ಜೋಡಿಯಾಗಿ ಇಟ್ಟು ನೋಡಿ. ‘ನಾನು ನೋಡ್ತಾ ಇದೀನಿ’ ಎಂದರೆ ‘ಐ ಆಮ್ ಲುಕಿಂಗ್’. ‘ನನಗೆ ಕಾಣ್ತಾ ಇದೆ’ ಎಂದರೆ ‘ಐ ಕ್ಯಾನ್ ಸೀ’. ‘ನಾನು ಕೇಳಿಸ್ಕೋತಾ ಇದೀನಿ’ಗೆ ‘ಐ ಆಮ್ ಲಿಸನಿಂಗ್’. ‘ನನಗೆ ಕೇಳಿಸ್ತಾ ಇದೆ’ಗೆ ‘ಐ ಕ್ಯಾನ್ ಹಿಯರ್’. ‘ನಾನು ಯೋಚಿಸ್ತಾ ಇದೀನಿ’ ಆದರೆ ‘ಐ ಆಮ್ ಥಿಂಕಿಂಗ್’. ‘ನನಗೆ ಹಾಗನ್ನಿಸ್ತಾ ಇದೆ’ ಆದರೆ ‘ಐ ಥಿಂಕ್ ಸೋ’. ಬೇಕು, ಇಷ್ಟ, ಗೊತ್ತು, ನೆನಪಿದೆ, ಅರ್ಥವಾಗ್ತಾ ಇದೆ, ಎಲ್ಲವೂ ‘ನನಗೆ’ಯ ಮನೆಯವು. ಇಂಗ್ಲಿಷಿನಲ್ಲಿ ಇವಕ್ಕೆ ‘ಇಂಗ್’ ಹತ್ತುವುದಿಲ್ಲ: ‘ಐ ವಾಂಟ್, ಐ ಲೈಕ್, ಐ ನೋ, ಐ ರಿಮೆಂಬರ್, ಐ ಅಂಡರ್‌ಸ್ಟ್ಯಾಂಡ್.’

‘ಹ್ಯಾವ್’ ಬಗ್ಗೆ ಎಲ್ಲರಿಗೂ ಇರುವ ಗೊಂದಲವೂ ಇದರಿಂದಲೇ ಬಗೆಹರಿಯುತ್ತದೆ. ‘ನನಗೆ ಇಬ್ಬರು ಅಣ್ಣಂದಿರು’ ಎಂಬುದು ‘ನನಗೆ’, ಆದ್ದರಿಂದ ‘ಐ ಹ್ಯಾವ್ ಟು ಬ್ರದರ್ಸ್’. ‘ನಾನು ಊಟ ಮಾಡ್ತಾ ಇದೀನಿ’ ಎಂಬುದು ‘ನಾನು’, ಆದ್ದರಿಂದ ‘ಐ ಆಮ್ ಹ್ಯಾವಿಂಗ್ ಲಂಚ್’ ಪೂರ್ತಿ ಸರಿ.

ಈ ಪರೀಕ್ಷೆ ನೂರಕ್ಕೆ ನೂರು ನಿಲ್ಲುವುದಿಲ್ಲ. ‘ನನಗೆ ಚಳಿ ಆಗ್ತಾ ಇದೆ’ಗೆ ‘ಐ ಆಮ್ ಫೀಲಿಂಗ್ ಕೋಲ್ಡ್’ ಅಂದರೂ ನಡೆಯುತ್ತದೆ, ‘ಐ ಫೀಲ್ ಕೋಲ್ಡ್’ ಅಂದರೂ ನಡೆಯುತ್ತದೆ. ಇನ್ನೊಂದು ಕಡೆ, ‘ನಾನು ನಂಬ್ತೀನಿ, ನಾನು ಪ್ರೀತಿಸ್ತಾ ಇದೀನಿ’ ಎಂಬವು ‘ನಾನು’ ಆದರೂ ಇಂಗ್ಲಿಷಿನಲ್ಲಿ ‘ಐ ಬಿಲೀವ್’, ‘ಐ ಲವ್’. ಇವೆರಡರ ಜೊತೆ ‘ಹೇಟ್, ಓನ್, ಬಿಲಾಂಗ್’ ಸೇರಿಸಿ ಐದನ್ನು ಬಾಯಿಪಾಠ ಮಾಡಿಕೊಳ್ಳಿ. ಹಾಗಾದರೆ ಮೆಕ್‌ಡೊನಾಲ್ಡ್ಸ್‌ನವರ ‘ಐಯಾಮ್ ಲವಿನ್ ಇಟ್’ ಹೇಗೆ ಎಂದು ಪ್ರತಿ ತಂಡದಲ್ಲೂ ಒಬ್ಬರು ಕೇಳುತ್ತಾರೆ. 2003ರಲ್ಲಿ ಬಂದ ಆ ಜಾಹೀರಾತು ಈ ಗಳಿಗೆಯ ಸವಿಯನ್ನು ಹಿಡಿಯಲು ನಿಯಮವನ್ನು ಬೇಕೆಂದೇ ಸಡಿಲಿಸಿದೆ. ಆಡುಮಾತಿನ ಇಂಗ್ಲಿಷಿನಲ್ಲಿ ಆ ಬಳಕೆ ಇದೆ, ಪರೀಕ್ಷೆಯ ಉತ್ತರದಲ್ಲಿ ಬಳಸಬೇಡಿ.

ತಿರುವುಮುರುವು ದೋಷ: ಕೂತಿದ್ದಾನೆ, ನಿಂತಿದ್ದಾನೆ, ಉಟ್ಟಿದ್ದಾಳೆ

ಇಷ್ಟು ಹೊತ್ತು ‘ಇಂಗ್’ ಹೆಚ್ಚಾದದ್ದನ್ನು ನೋಡಿದೆವು. ಇಲ್ಲಿ ಬೇಕಾದ ಕಡೆ ಬಿಟ್ಟುಹೋಗುತ್ತದೆ.

ಚಿತ್ರ ತೋರಿಸಿ ವಿವರಿಸಿ ಎಂದರೆ ‘ಒನ್ ಮ್ಯಾನ್ ಸ್ಯಾಟ್ ಅಂಡರ್ ದ ಟ್ರೀ, ಒನ್ ಲೇಡಿ ಸ್ಟುಡ್’ ಎಂದು ಶುರು ಮಾಡುತ್ತಾರೆ. ಕನ್ನಡದಲ್ಲಿ ಅದು ‘ಕೂತಿದ್ದಾನೆ’, ‘ನಿಂತಿದ್ದಾಳೆ’. ಎರಡರಲ್ಲೂ ಭೂತಕಾಲದ ‘ಕೂತು’, ‘ನಿಂತು’ ಇವೆ. ಕೂರುವ ಕೆಲಸ ಆಗಿಹೋಯಿತು, ಈಗ ಆ ಭಂಗಿಯಲ್ಲಿ ಇದ್ದಾನೆ ಎಂದು ಕನ್ನಡ ಬಹಳ ನಿಖರವಾಗಿ ನೋಡುತ್ತದೆ. ‘ಕೂರ್ತಾ ಇದಾನೆ’ ಎಂದರೆ ಮೊಣಕಾಲು ಮಡಚುತ್ತಿರುವ ಆ ಎರಡು ಸೆಕೆಂಡು ಮಾತ್ರ. ಇಂಗ್ಲಿಷ್ ಭಂಗಿಯನ್ನೇ ನಡೆಯುತ್ತಿರುವ ಕೆಲಸ ಎಂದು ಎಣಿಸುತ್ತದೆ: ‘ಹಿ ಈಸ್ ಸಿಟಿಂಗ್, ಶಿ ಈಸ್ ಸ್ಟ್ಯಾಂಡಿಂಗ್.’ ಮಲಗಿದ್ದಾರೆ, ಒರಗಿದ್ದಾರೆ, ಹಿಡ್ಕೊಂಡಿದ್ದಾರೆ, ಹಾಕ್ಕೊಂಡಿದ್ದಾರೆ, ಎಲ್ಲಕ್ಕೂ ‘ಇಂಗ್’.

ಉಡುಪಿನ ವಿಷಯದಲ್ಲಿ ಇದು ಮುಜುಗರಕ್ಕೂ ದಾರಿ ಮಾಡುತ್ತದೆ. ಮನೆಗೆ ಬಂದ ಅತಿಥಿಗೆ ‘ಶಿ ಈಸ್ ವೇರಿಂಗ್ ಎ ಸಾರಿ, ಪ್ಲೀಸ್ ವೇಟ್’ ಅಂದರೆ, ಸೀರೆ ಉಟ್ಟುಕೊಂಡಿದ್ದಾಳೆ, ಕಾಯಿರಿ ಎಂದ ಹಾಗಾಯಿತು. ಉಟ್ಟಿದ್ದರೆ ಕಾಯುವುದೇಕೆ? ‘ಉಟ್ಟಿದ್ದಾಳೆ’ಗೆ ‘ವೇರಿಂಗ್’. ‘ಉಡ್ತಾ ಇದಾಳೆ’ಗೆ ‘ಪುಟಿಂಗ್ ಆನ್’.

ಹಾಗೆಂದು ‘ಬಂದಿದ್ದಾರೆ’ಯನ್ನು ‘ಈಸ್ ಕಮಿಂಗ್’ ಮಾಡಬೇಡಿ. ಅದು ‘ಹ್ಯಾಸ್ ಕಮ್’. ಗುರುತು ಹೀಗೆ: ಕೆಲಸ ಮುಗಿದ ಮೇಲೂ ಮೈ ಅದೇ ಭಂಗಿಯನ್ನೋ, ಉಡುಪನ್ನೋ, ಹಿಡಿತವನ್ನೋ ಉಳಿಸಿಕೊಂಡಿದ್ದರೆ ‘ಇಂಗ್’.

‘ಆಗ್ತಾ ಇದೆ’

ರಸ್ತೆ ರಿಪೇರಿ ಆಗ್ತಾ ಇದೆ. ‘ದ ರೋಡ್ ಈಸ್ ರಿಪೇರಿಂಗ್.’ ಅಡುಗೆ ರೆಡಿ ಆಗ್ತಾ ಇದೆ. ‘ಫುಡ್ ಈಸ್ ಪ್ರಿಪೇರಿಂಗ್.’ ಹೀಗಂದರೆ ರಸ್ತೆ ತಾನೇ ಸಲಿಕೆ ಹಿಡಿದು ಯಾವುದನ್ನೋ ರಿಪೇರಿ ಮಾಡುತ್ತಿದೆ ಎಂದಾಗುತ್ತದೆ. ಮಾಡುವವರು ಬೇರೆ ಇದ್ದಾರೆ, ಹಾಗಾಗಿ ನಡುವೆ ‘ಬೀಯಿಂಗ್’ ಬೇಕು: ‘ದ ರೋಡ್ ಈಸ್ ಬೀಯಿಂಗ್ ರಿಪೇರ್ಡ್.’ ‘ಬೀಯಿಂಗ್’ ಹಚ್ಚುವ ಈ ರೂಪ ಇಂಗ್ಲಿಷಿಗೇ ಹೊಸದು, ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಬಳಕೆಗೆ ಬಂದದ್ದು. ಅದಕ್ಕೂ ಮುಂಚೆ ಅವರೂ ‘ದ ಹೌಸ್ ಈಸ್ ಬಿಲ್ಡಿಂಗ್’ ಅನ್ನುತ್ತಿದ್ದರು. ನಾಲಗೆಗೆ ಭಾರವೆನಿಸಿದರೆ ‘ದೆ ಆರ್ ರಿಪೇರಿಂಗ್ ದ ರೋಡ್’ ಅನ್ನಿ. ನಾನು ಶುರುವಿನಲ್ಲಿ ಎಲ್ಲರಿಗೂ ಹೇಳುವುದು ಅದನ್ನೇ.

ದಿನದ ಮಾತಿಗೆ ‘ಇಂಗ್’

‘ಡೈಲಿ ಐ ಆಮ್ ಗೆಟಿಂಗ್ ಅಪ್ ಅಟ್ ಫೈವ್.’ ಕನ್ನಡದಲ್ಲಿ ‘ದಿನಾ ಐದಕ್ಕೆ ಏಳ್ತೀನಿ’ ಎಂದೇ ಹೇಳುವವರೂ ಇಂಗ್ಲಿಷಿಗೆ ಬಂದಾಗ ‘ಇಂಗ್’ ಹಚ್ಚುತ್ತಾರೆ. ಇಲ್ಲಿ ತಪ್ಪು ಬಾಯಿಮಾತಿನಿಂದ ಬಂದದ್ದಲ್ಲ, ಶಾಲೆಯಿಂದ ಬಂದದ್ದು ಎಂದು ನನ್ನ ಅನಿಸಿಕೆ. ‘ಏಳುತ್ತೇನೆ’ ವರ್ತಮಾನಕಾಲ ಎಂದು ಕಲಿಸಿರುತ್ತಾರೆ. ಆದರೆ ‘ನಾಳೆ ಐದಕ್ಕೆ ಏಳ್ತೀನಿ’ ಎಂದೂ ಅನ್ನುತ್ತೇವಲ್ಲ? ಭಾಷಾಶಾಸ್ತ್ರಜ್ಞ ಡಿ. ಎನ್. ಶಂಕರ ಭಟ್ಟರು ಕನ್ನಡದಲ್ಲಿ ಭೂತ ಮತ್ತು ಭೂತವಲ್ಲದ್ದು ಎಂಬ ಎರಡೇ ಕಾಲರೂಪಗಳಿವೆ ಎಂದು ವಾದಿಸಿದ್ದು ಇಂಥ ಮಾತುಗಳನ್ನು ನೋಡಿಯೇ. ‘ಏಳ್ತೀನಿ’ ನಾಳೆಯನ್ನೂ ಹೇಳುವುದರಿಂದ, ಅದು ಈಗಿನ ಮಾತಿಗೆ ಸಾಲದು ಎಂಬ ಅಳುಕು ಹುಟ್ಟಿ ‘ಇಂಗ್’ ಹಚ್ಚಿಬಿಡುತ್ತಾರೆ. ರೂಢಿಗೆ ‘ಇಂಗ್’ ಬೇಡ: ‘ಐ ಗೆಟ್ ಅಪ್ ಅಟ್ ಫೈವ್.’

ಉದ್ಯೋಗ ಕೇಳುವ ಪ್ರಶ್ನೆಯೂ ಹೀಗೇ. ‘ಏನ್ ಮಾಡ್ತಾ ಇದೀರಿ?’ ಮತ್ತು 'ಏನ್ ಮಾಡ್ಕೊಂಡಿದೀರಿ?' ಒಂದೇ ಅಲ್ಲ ಎಂದು ನಮಗೆ ಗೊತ್ತು. ಮೊದಲನೆಯದಕ್ಕೆ ‘ವಾಟ್ ಆರ್ ಯು ಡೂಯಿಂಗ್?’, ಎರಡನೆಯದಕ್ಕೆ ‘ವಾಟ್ ಡು ಯು ಡು?’ ‘ವೇರ್ ಆರ್ ಯು ಸ್ಟೇಯಿಂಗ್?’ ಎಂದರೆ ಯಾವ ಹೋಟೆಲಿನಲ್ಲಿ, ಯಾರ ಮನೆಯಲ್ಲಿ ಇಳಿದುಕೊಂಡಿದ್ದೀರಿ ಎಂದರ್ಥ. ಸ್ವಂತ ಮನೆ ಎಲ್ಲಿ ಎಂದು ಕೇಳಲು ‘ವೇರ್ ಡು ಯು ಲಿವ್?’

ಒಂದು ಇಡೀ ಪತ್ರವನ್ನು ಬಿಚ್ಚಿ ನೋಡೋಣ

ಅಭ್ಯಾಸಕ್ಕೆಂದು ಬರೆಸಿದ ರಜೆ ಅರ್ಜಿಗಳನ್ನು ಸೇರಿಸಿ ಈ ಮಾದರಿ ಮಾಡಿದ್ದೇನೆ.

‘ಐ ಆಮ್ ವರ್ಕಿಂಗ್ ಇನ್ ದಿಸ್ ಆಫೀಸ್ ಸಿನ್ಸ್ ಟು ಇಯರ್ಸ್. ಮೈ ಮದರ್ ಆರ್ ನಾಟ್ ಫೀಲಿಂಗ್ ವೆಲ್. ಬಿಫೋರ್, ಶಿ ವಾಸ್ ಮ್ಯಾನೇಜಿಂಗ್ ಎವ್ರಿಥಿಂಗ್ ಅಲೋನ್. ವೆನ್ ಐ ಕಾಲ್ಡ್ ಯೆಸ್ಟರ್‌ಡೇ, ಶಿ ಸ್ಲೆಪ್ಟ್. ಐ ಆಮ್ ನೀಡಿಂಗ್ ಟು ಡೇಸ್ ಲೀವ್. ಟುಮಾರೊ ಐ ಆಮ್ ಗೋಯಿಂಗ್ ಟು ಹಾವೇರಿ.’

ಕನ್ನಡ ಮಾಡಿ. ಎರಡು ವರ್ಷದಿಂದ ಕೆಲಸ ಮಾಡ್ತಾ ಇದೀನಿ: ‘ದಿಂದ’ ಇದೆ, ಎರಡು ವರ್ಷ ಹಗ್ಗದ ಉದ್ದ. ‘ಐ ಹ್ಯಾವ್ ಬೀನ್ ವರ್ಕಿಂಗ್ ಇನ್ ದಿಸ್ ಆಫೀಸ್ ಫಾರ್ ಟು ಇಯರ್ಸ್.’ ಅಮ್ಮನಿಗೆ ಹುಷಾರಿಲ್ಲ: ಅಮ್ಮ ಒಬ್ಬರೇ, ‘ಈಸ್ ನಾಟ್ ಫೀಲಿಂಗ್ ವೆಲ್.’ ಮುಂಚೆ ಎಲ್ಲ ಒಬ್ಬರೇ ನೋಡ್ಕೋತಿದ್ರು: ‘ಅಷ್ಟರಲ್ಲಿ’ ಸೇರಿಸಿದರೆ ಮಾತು ಹರಿಯುವುದಿಲ್ಲ, ಧಾರವಾಡದ ಕಡೆಯಾದರೆ ‘ನೋಡ್ಕೊಳ್ಳಾಕತ್ತಿದ್ರು’ ಎಂದು ಇಲ್ಲಿ ಯಾರೂ ಅನ್ನುವುದಿಲ್ಲ. ‘ಶಿ ಯೂಸ್ಡ್ ಟು ಮ್ಯಾನೇಜ್ ಎವ್ರಿಥಿಂಗ್ ಅಲೋನ್.’ ಮುಂಚಿನ ‘ಬಿಫೋರ್’ ಅನ್ನು ತೆಗೆದುಬಿಡಬಹುದು, ‘ಯೂಸ್ಡ್ ಟು’ ಆ ಅರ್ಥವನ್ನು ಹೊತ್ತಿದೆ.

ನಾಲ್ಕನೆಯದು ಸೂಕ್ಷ್ಮ. ‘ನಾನು ಫೋನ್ ಮಾಡಿದಾಗ ಮಲಗಿದ್ರು’ ಎಂದು ಬರೆದವರ ಮನಸ್ಸಿನಲ್ಲಿತ್ತು. ‘ಶಿ ಸ್ಲೆಪ್ಟ್’ ಎಂದು ಬರೆದದ್ದರಿಂದ, ಮಗನ ಫೋನ್ ಬಂತು, ಆಮೇಲೆ ಮಲಗಿದರು ಎಂಬ ಕ್ರಮ ಬಂತು. ‘ಮಲಗಿದ್ರು’ ಭಂಗಿ, ಫೋನ್ ಬಂದದ್ದು ಆ ಚೌಕಟ್ಟಿನೊಳಗಿನ ಚಿತ್ರ. ‘ವೆನ್ ಐ ಕಾಲ್ಡ್ ಯೆಸ್ಟರ್‌ಡೇ, ಶಿ ವಾಸ್ ಸ್ಲೀಪಿಂಗ್.’ ಹಗಲು ಹೊತ್ತಿನಲ್ಲೂ ಮಲಗೇ ಇದ್ದರು ಎಂಬ ಮಗನ ಆತಂಕ ಈಗ ವಾಕ್ಯದೊಳಗೆ ಬಂತು.

ನನಗೆ ಎರಡು ದಿನ ರಜೆ ಬೇಕು: ‘ನನಗೆ’ ಇದೆ, ‘ಇಂಗ್’ ಬೇಡ, ‘ಐ ನೀಡ್ ಟು ಡೇಸ್ ಲೀವ್.’ ಕೊನೆಯ ವಾಕ್ಯವನ್ನು ಹಲವರು ಅವಸರದಲ್ಲಿ ‘ಐ ಗೋ’ ಎಂದು ತಿದ್ದುತ್ತಾರೆ, ‘ನಾಳೆ’ ಎಂದಿದೆಯಲ್ಲ, ‘ಇಂಗ್’ ಹೇಗೆ ಎಂದು. ತಿದ್ದಬೇಡಿ. ಟಿಕೆಟ್ ಆಗಿದೆ, ಹೊರಡುವುದು ಗೊತ್ತಾಗಿದೆ, ನಾವು ‘ನಾಳೆ ಊರಿಗೆ ಹೋಗ್ತಾ ಇದೀನಿ’ ಅನ್ನುವ ಹಾಗೆಯೇ ಇಂಗ್ಲಿಷೂ ಅನ್ನುತ್ತದೆ. ಆ ಸಾಲು ಬರೆದವರ ಕನ್ನಡದಿಂದ ಹಾಗೇ ಬಂದದ್ದು, ಹಾಗೇ ಸರಿಯಾಗಿದೆ.